ನೀರಿನ ಸುದ್ದಿ ಮೊದಲು ಹೇಳಿ, ಖರ್ಚಿನ ಲೆಕ್ಕ ಆಮೇಲೆ

ನಿಮ್ಮ ಊರಿನ ಗ್ರಾಮಸಭೆಗೆ ನೀವು ಕೊನೆಯ ಸಲ ಹೋದದ್ದು ಯಾವಾಗ? ಆರೋಗ್ಯದ ಅಂಕಣದಲ್ಲಿ ಡಾಕ್ಟರು ಇದನ್ನೇಕೆ ಕೇಳುತ್ತಿದ್ದಾರೆ ಎಂದು ನಿಮಗೆ ಅನ್ನಿಸಬಹುದು. ಬಿಪಿ ಎಷ್ಟಿದೆ, ಸಕ್ಕರೆ ಎಷ್ಟಿದೆ ಎಂದು ಕೇಳುವುದು ನಮ್ಮ ಕಸುಬು. ಪಂಚಾಯ್ತಿ ಕಟ್ಟೆಯ ವಿಷಯ ರಾಜಕೀಯದವರಿಗೆ ಬಿಟ್ಟದ್ದು ಎಂಬ ಭಾವನೆ ಸಾಮಾನ್ಯವಾಗಿದೆ. ಆದರೆ ಸುಲೇಪೇಟದ ಸುತ್ತಿನ ಹಳ್ಳಿಗಳಿಂದ ಮಳೆಗಾಲದಲ್ಲಿ ವಾಂತಿಭೇದಿ, ವಿಷಮಶೀತ ಜ್ವರ, ಕಾಮಾಲೆ ಎಂದು ದವಾಖಾನೆಗೆ ಬರುವವರನ್ನು ನೋಡುವಾಗ ನನಗೆ ಒಂದು ವಿಷಯ ಮತ್ತೆ ಮತ್ತೆ ಮನಸ್ಸಿಗೆ ಬರುತ್ತದೆ. ನಾನು ಬರೆದುಕೊಡುವ ಮಾತ್ರೆಗಿಂತ, ಎಂಟು ದಿನ ಮೊದಲು ಅವರ ಊರಿನಲ್ಲಿ ಯಾರಾದರೂ ಹೇಳಬಹುದಾಗಿದ್ದ ಒಂದು ಮಾತು ಅವರಿಗೆ ಹೆಚ್ಚು ಉಪಯೋಗಕ್ಕೆ ಬರುತ್ತಿತ್ತು. ‘ಪೈಪು ಒಡೆದಿದೆ, ಈ ವಾರ ನಲ್ಲಿ ನೀರು ಕುದಿಸಿ ಕುಡಿಯಿರಿ.’ ಇಷ್ಟೇ ಮಾತು.

ಇಂಥ ಮಾತಿನ ಬೆಲೆ ಎಷ್ಟೆಂಬುದು ನಡುಗಡ್ಡೆಗಳಲ್ಲಿ ವಾಸಿಸುವವರಿಗೆ ಎಲ್ಲರಿಗಿಂತ ಚೆನ್ನಾಗಿ ಗೊತ್ತು. ನಡುಗಡ್ಡೆ ಎಂದೊಡನೆ ಅಂಡಮಾನ್, ಲಕ್ಷದ್ವೀಪಗಳನ್ನೇ ನೆನೆಯಬೇಕಾಗಿಲ್ಲ. ನಮ್ಮ ಕಲಬುರಗಿ ವಿಭಾಗದಲ್ಲಿಯೇ ಕೃಷ್ಣೆಯ ಒಡಲಿನಲ್ಲಿ ಊರುಗಳಿವೆ. ರಾಯಚೂರು ತಾಲ್ಲೂಕಿನ ಕುರ್ವಕುಲಾ ಮತ್ತು ಕುರ್ವಕುರ್ದಾ, ಲಿಂಗಸುಗೂರು ತಾಲ್ಲೂಕಿನ ಗಡ್ಡಿಗಳು, ಯಾದಗಿರಿ ಜಿಲ್ಲೆಯ ಕಕ್ಕೇರಾ ಬಳಿಯ ನೀಲಕಂಠರಾಯನ ಗಡ್ಡಿ. ಮೇಲ್ಗಡೆ ನಾರಾಯಣಪುರದ ಬಸವಸಾಗರ ಜಲಾಶಯದ ಗೇಟು ಎತ್ತಿದರೆಂದರೆ ಇಲ್ಲಿಯವರ ದಾರಿ ನೀರಿನ ಪಾಲಾಗುತ್ತಿತ್ತು. 2019ರ ಆಗಸ್ಟ್‌ನ ಮಹಾಪೂರದಲ್ಲಿ ಶೀಲಹಳ್ಳಿ ಸೇತುವೆ ಮುಳುಗಿ, ಅದರಾಚೆಯ ಊರುಗಳಿಗೆ ನೇರ ಸಂಪರ್ಕವೇ ತಪ್ಪಿತು.

2014ರ ಮಳೆಗಾಲದಲ್ಲಿ ನೀಲಕಂಠರಾಯನ ಗಡ್ಡಿಯ ತುಂಬು ಗರ್ಭಿಣಿಯೊಬ್ಬರು ಒಣ ಸೋರೆಬುರುಡೆಗಳನ್ನು ಮೈಗೆ ಕಟ್ಟಿಕೊಂಡು, ಮನೆಯವರ ನೆರವಿನಿಂದ, ಉಕ್ಕಿ ಹರಿಯುತ್ತಿದ್ದ ಕೃಷ್ಣೆಯನ್ನು ಈಜಿ ದಡ ಸೇರಿದ ಸುದ್ದಿ ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ದೇಶದ ಪತ್ರಿಕೆಗಳೆಲ್ಲ ಆ ಧೈರ್ಯವನ್ನು ಕೊಂಡಾಡಿದವು. ಕೊಂಡಾಡಬೇಕಾದ್ದೇ. ಆದರೆ ವೈದ್ಯನ ಕಣ್ಣಿಗೆ ಅಲ್ಲಿ ಬೇರೆಯದೇ ಕಾಣುತ್ತದೆ. ಹೆರಿಗೆಯ ತಾರೀಖು ಎಂಟು ತಿಂಗಳು ಮೊದಲೇ ಗೊತ್ತಿರುತ್ತದೆ. ನದಿ ತುಂಬುವ ಕಾಲವೂ ಗೊತ್ತಿರುತ್ತದೆ. ಒಂದು ಪಟ್ಟಿ ಆರೋಗ್ಯ ಸಹಾಯಕಿಯ ಬಳಿ, ಇನ್ನೊಂದು ನೀರಾವರಿ ಇಲಾಖೆಯ ಬಳಿ. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು, ‘ಬರುವ ತಿಂಗಳು ಈ ಮೂವರ ದಿನ ತುಂಬುತ್ತದೆ, ಹೊಳೆ ಏರುವ ಮುಂಚೆ ಇವರನ್ನು ದಡದ ಊರಿಗೆ ಕಳಿಸಿ’ ಎಂದು ಊರಿಗೆ ಹೇಳುವವರು ಒಬ್ಬರಿದ್ದರೆ ಯಾರೂ ಈಜಬೇಕಾಗಿಲ್ಲ.

ನಮ್ಮ ಕಡೆಯ ಎರಡು ದಿನದ ನಡುಗಡ್ಡೆಗಳು

ಚಿಂಚೋಳಿ, ಸೇಡಂ, ಚಿತ್ತಾಪುರದ ಓದುಗರು ‘ಅದು ಕೃಷ್ಣೆಯ ಕಥೆ, ನಮಗೇನು?’ ಎನ್ನಬೇಡಿ. ನಮ್ಮಲ್ಲಿ ವರ್ಷವಿಡೀ ನಡುಗಡ್ಡೆಯಾಗಿರುವ ಊರಿಲ್ಲದಿರಬಹುದು. ಎರಡು ದಿನದ ನಡುಗಡ್ಡೆಗಳು ಬೇಕಾದಷ್ಟಿವೆ. ಮುಲ್ಲಾಮಾರಿಯಲ್ಲಿ ನೀರು ಬಿಟ್ಟರೆ, ಕಾಗಿಣಾ ಉಕ್ಕಿದರೆ, ತಗ್ಗಿನ ಸೇತುವೆಗಳು ಮುಳುಗುತ್ತವೆ. ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಳಖೇಡದ ಸೇತುವೆ ಮುಳುಗಿ ಸೇಡಂ–ಕಲಬುರಗಿ ಓಡಾಟ ನಿಂತದ್ದು ಒಂದೆರಡು ಸಲವಲ್ಲ. 2020ರ ಅಕ್ಟೋಬರ್‌ನಲ್ಲಿ ಭೀಮಾ, ಕಾಗಿಣಾ ಎರಡೂ ಒಟ್ಟಿಗೆ ಉಕ್ಕಿದಾಗ ಜಿಲ್ಲೆಯ ಎಷ್ಟೋ ಹಳ್ಳಿಗಳು ನಾಲ್ಕೂ ಕಡೆ ನೀರು ಕಂಡವು. ಹೊಳೆಯೇ ಬೇಕೆಂದಿಲ್ಲ, ಒಂದು ದೊಡ್ಡ ಹಳ್ಳ ಬಂದರೂ ತಾಂಡಾ ಒಂದು ರಾತ್ರಿ ಹೊರಗಿನ ಲೋಕದಿಂದ ಕಡಿದು ಹೋಗುತ್ತದೆ. ಹೆರಿಗೆ ನೋವು, ಹಾವು ಕಡಿತ, ಎದೆನೋವುಗಳಿಗೆ ಒಂದು ರಾತ್ರಿ ಸಾಕು.

ಸ್ಕಾಟ್ಲೆಂಡ್ ದೇಶದಲ್ಲಿ ದ್ವೀಪವಾಸಿಗಳಿಗೆಂದೇ 2018ರಲ್ಲಿ ಒಂದು ಕಾಯಿದೆ ಮಾಡಿದರು. ಸರ್ಕಾರದ ಯಾವುದೇ ನಿರ್ಧಾರ ದ್ವೀಪದ ಜನರಿಗೆ ಬೇರೆಯವರಿಗಿಂತ ಭಿನ್ನವಾಗಿ ತಟ್ಟುವಂತಿದ್ದರೆ ಅದನ್ನು ಮೊದಲೇ ಅಳೆದು ನೋಡಬೇಕು ಎಂಬುದು ಅದರ ತಿರುಳು. ನಮಗೆ ಹೊಸ ಕಾಯಿದೆಯ ಅಗತ್ಯವಿಲ್ಲ. ಇದ್ದದ್ದೇ ಸಾಕಷ್ಟಿದೆ. ಸಂವಿಧಾನದ 73ನೇ ತಿದ್ದುಪಡಿ 1993ರ ಏಪ್ರಿಲ್‌ನಲ್ಲಿ ಜಾರಿಗೆ ಬಂತು. ಕರ್ನಾಟಕದ ಪಂಚಾಯತ್ ರಾಜ್ ಕಾಯಿದೆಯೂ ಅದೇ ವರ್ಷದ್ದು. ಕುಡಿಯುವ ನೀರು, ನೈರ್ಮಲ್ಯ, ಆರೋಗ್ಯ ಪಂಚಾಯ್ತಿಗೆ ವಹಿಸಬಹುದಾದ ವಿಷಯಗಳ ಪಟ್ಟಿಯಲ್ಲಿವೆ. ಗ್ರಾಮಸಭೆ ಆರು ತಿಂಗಳಿಗೊಮ್ಮೆಯಾದರೂ ಸೇರಬೇಕು, ಅದಕ್ಕೆ ಮುಂಚೆ ವಾರ್ಡ್ ಸಭೆ. ಆಗಸ್ಟ್ ನಡುವಿನಿಂದ ಸೆಪ್ಟೆಂಬರ್ ನಡುವಿನ ತನಕ ಜಮಾಬಂದಿ, ಅಂದರೆ ಲೆಕ್ಕಪತ್ರ ಮತ್ತು ಕಾಮಗಾರಿಗಳ ಬಹಿರಂಗ ತಪಾಸಣೆ. ಮಕ್ಕಳ ಗ್ರಾಮಸಭೆಯೂ ಉಂಟು. ಶಾಲೆಯ ಶೌಚಾಲಯಕ್ಕೆ ನೀರಿಲ್ಲವೆಂದು ದೊಡ್ಡವರು ಹೇಳಲು ಸಂಕೋಚಪಡುವುದನ್ನು ಐದನೇ ತರಗತಿಯ ಹುಡುಗಿ ಅಲ್ಲಿ ಎದ್ದು ನಿಂತು ಹೇಳಿಬಿಡುತ್ತಾಳೆ. ಸಭೆಗಳಿಗೆ ಕೊರತೆಯಿಲ್ಲ. ಅಲ್ಲಿ ಓದುವ ವರದಿಯಲ್ಲಿ ಏನಿರುತ್ತದೆ ಎಂಬುದರ ಬಗ್ಗೆ ನನ್ನ ತಕರಾರು.

ಎಷ್ಟು ಪೈಪು ಎಂಬುದಲ್ಲ, ಎಂಥ ನೀರು ಎಂಬುದು

ಸಾಮಾನ್ಯವಾಗಿ ವರದಿ ಹೀಗಿರುತ್ತದೆ: ಇಷ್ಟು ಮೀಟರು ಪೈಪು ಹಾಕಿಸಲಾಗಿದೆ, ಇಷ್ಟು ಮನೆಗಳಿಗೆ ನಲ್ಲಿ ಜೋಡಿಸಲಾಗಿದೆ, ಇಷ್ಟು ಲಕ್ಷ ಖರ್ಚಾಗಿದೆ. ಎಲ್ಲವೂ ನಿಜವಿರಬಹುದು. ಆದರೆ ಮಗುವಿನ ಹೊಟ್ಟೆಗೆ ಬೇಕಾದ ಸುದ್ದಿ ಇದರಲ್ಲಿ ಒಂದೂ ಇಲ್ಲ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ ಯೋಜನೆಯಂತೆ ತಲೆಗೆ ದಿನಕ್ಕೆ 55 ಲೀಟರು ನೀರು ಬರಬೇಕು ಎಂಬುದು ಹಲವರಿಗೆ ಗೊತ್ತು. ಆ ನೀರಿನ ಪರೀಕ್ಷೆಗೆ ಪ್ರತಿ ಊರಿನಲ್ಲಿ ಐವರು ಮಹಿಳೆಯರಿಗೆ ತರಬೇತಿ ಕೊಟ್ಟು ಕಿಟ್ ಕೊಡಬೇಕು ಎಂಬುದು ಅದೇ ಯೋಜನೆಯಲ್ಲಿರುವುದು ಎಷ್ಟು ಮಂದಿಗೆ ಗೊತ್ತು? ನಿಮ್ಮ ಊರಿನ ಕಿಟ್ ಯಾರ ಮನೆಯ ಅಟ್ಟದ ಮೇಲಿದೆ?

ನೀರು ಕೆಡುವ ಬಗೆಯನ್ನು ಸ್ವಲ್ಪ ವಿವರಿಸುತ್ತೇನೆ, ಏಕೆಂದರೆ ಇದು ಗೊತ್ತಾದರೆ ಏನು ಕೇಳಬೇಕೆಂಬುದು ತಾನಾಗಿ ಗೊತ್ತಾಗುತ್ತದೆ. ನಮ್ಮಲ್ಲಿ ನೀರು ದಿನವಿಡೀ ಬರುವುದಿಲ್ಲ. ಒಂದೆರಡು ತಾಸು ಬಿಡುತ್ತಾರೆ, ನಿಲ್ಲಿಸುತ್ತಾರೆ. ನೀರು ಹರಿಯುವಾಗ ಪೈಪಿನೊಳಗೆ ಒತ್ತಡವಿರುತ್ತದೆ, ಬಿರುಕಿದ್ದರೆ ನೀರು ಹೊರಗೆ ಸೋರುತ್ತದೆ. ನಿಲ್ಲಿಸಿದೊಡನೆ ಒತ್ತಡ ಇಳಿದು ಪೈಪು ಒಳಕ್ಕೆ ಎಳೆದುಕೊಳ್ಳಲಾರಂಭಿಸುತ್ತದೆ. ಆ ಬಿರುಕು ಚರಂಡಿಯ ಒಳಗಿದ್ದರೆ ಚರಂಡಿಯನ್ನೇ ಎಳೆದುಕೊಳ್ಳುತ್ತದೆ. ಮರುದಿನ ಮೊದಲು ಬರುವ ನಾಲ್ಕು ಕೊಡ ನೀರಿನಲ್ಲಿ ಅದೆಲ್ಲ ನಿಮ್ಮ ಮನೆಗೆ ಬರುತ್ತದೆ. ನೀರು ಏರುವುದಿಲ್ಲವೆಂದು ನಲ್ಲಿಯ ಬುಡದಲ್ಲಿ ಗುಂಡಿ ತೋಡಿ ಕೊಡ ಇಡುವ ರೂಢಿ ನಮ್ಮ ಕಡೆ ಇದೆಯಲ್ಲ, ಆ ಗುಂಡಿಯಲ್ಲಿ ನಿಂತ ನೀರೂ ಹೀಗೆಯೇ ಒಳಗೆ ಹೋಗುತ್ತದೆ. ಆದ್ದರಿಂದ ಮೊದಲ ಹತ್ತು ನಿಮಿಷದ ನೀರನ್ನು ಬಳಸಲು, ತೊಳೆಯಲು ಇಟ್ಟುಕೊಳ್ಳಿ; ಕುಡಿಯಲು ಬೇಡ.

ಇದಕ್ಕೆ ಕಾವಲುಗಾರ ಎಂದರೆ ಕ್ಲೋರಿನ್. ಒಳ್ಳೆಯ ಬ್ಲೀಚಿಂಗ್ ಪುಡಿಯಾದರೆ ತಿಳಿನೀರಿನ 1,000 ಲೀಟರಿಗೆ ಸುಮಾರು 2.5 ಗ್ರಾಂ ಸಾಕು. 10,000 ಲೀಟರಿನ ಟ್ಯಾಂಕಿಗೆ 25 ಗ್ರಾಂ. ರಾಡಿ ನೀರಿಗೆ ಹೆಚ್ಚು ಬೇಕು. ಪುಡಿಯನ್ನು ಬಕೆಟ್ಟಿನಲ್ಲಿ ಕಲಸಿ, ಸುಣ್ಣ ತಳಕ್ಕಿಳಿದ ಮೇಲೆ ಮೇಲಿನ ತಿಳಿಯನ್ನು ಟ್ಯಾಂಕಿಗೆ ಹಾಕಿ ಒಂದು ತಾಸು ಬಿಡಬೇಕು. ಚೀಲದ ಬಾಯಿ ತೆರೆದಿಟ್ಟ ಪುಡಿಗೆ ತಿಂಗಳುಗಳಲ್ಲಿ ಶಕ್ತಿ ಹೋಗಿ ಬರೀ ಸುಣ್ಣವಾಗುತ್ತದೆ. ನೀರುಗಂಟಿ ಪಾಪ ದಿನವೂ ಶ್ರದ್ಧೆಯಿಂದ ಹಾಕುತ್ತಲೇ ಇರುತ್ತಾನೆ! ಆದ್ದರಿಂದ ‘ಪುಡಿ ಹಾಕಿಸಿದ್ದೀರಾ?’ ಎಂದು ಕೇಳಬೇಡಿ. ‘ಊರ ಕೊನೆಯ ಮನೆಯ ನಲ್ಲಿಯಲ್ಲಿ ಕ್ಲೋರಿನ್ ಎಷ್ಟಿದೆ?’ ಎಂದು ಕೇಳಿ. ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿದಿರಬೇಕು ಎಂಬುದು ಭಾರತೀಯ ಮಾನಕ. ಕಿಟ್ಟಿನ ಹನಿ ಹಾಕಿದರೆ ನೀರಿನ ಬಣ್ಣವೇ ಉತ್ತರ ಹೇಳುತ್ತದೆ, ಓದು ಬರಹ ಬಾರದವರಿಗೂ.

ಕೊಳವೆಬಾವಿಯ ಊರುಗಳಿಗೆ ಇನ್ನೊಂದು ಪ್ರಶ್ನೆ ಇದೆ: ಫ್ಲೋರೈಡ್. ಕಲಬುರಗಿ, ಯಾದಗಿರಿ, ರಾಯಚೂರು ಜಿಲ್ಲೆಗಳ ಹಲವು ಕೊಳವೆಬಾವಿಗಳಲ್ಲಿ ಇದು ಮಿತಿ ಮೀರಿದೆ. ಲೀಟರಿಗೆ 1 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರೇ ಇಲ್ಲದಿದ್ದರೆ 1.5ರ ತನಕ ನಡೆದೀತು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಊರಿಗೊಂದು ಶುದ್ಧ ನೀರಿನ ಘಟಕವಿದ್ದರೆ ಫಿಲ್ಟರ್ ಬದಲಿಸಿದ ತಾರೀಖನ್ನು ಘಟಕದ ಗೋಡೆಯ ಮೇಲೆ ಬರೆಸಿ.

ಹೇಳದೆ ಮುಚ್ಚಿಟ್ಟರೆ ಏನಾಗುತ್ತದೆ?

ಇದಕ್ಕೆ ದೂರದ ಉದಾಹರಣೆಯೊಂದನ್ನು ಕೊಡುತ್ತೇನೆ. ಕೆನಡಾ ದೇಶದ ಒಂಟಾರಿಯೊ ಪ್ರಾಂತ್ಯದಲ್ಲಿ ವಾಕರ್ಟನ್ ಎಂಬ ಸಣ್ಣ ಊರಿದೆ. ಆಗ ಅಲ್ಲಿದ್ದ ಜನಸಂಖ್ಯೆ ಸುಮಾರು 4,800; ನಮ್ಮ ಒಂದು ದೊಡ್ಡ ಹಳ್ಳಿಯಷ್ಟು. 2000ದ ಮೇ ತಿಂಗಳಲ್ಲಿ ಜೋರು ಮಳೆ ಸುರಿದು, ಪಕ್ಕದ ಹೊಲಕ್ಕೆ ಹಾಕಿದ್ದ ದನದ ಗೊಬ್ಬರದ ರೋಗಾಣುಗಳು ಊರಿನ ಬಾವಿಗೆ ಇಳಿದವು. ನೀರು ಕೆಟ್ಟಿದೆ ಎಂಬ ಪ್ರಯೋಗಾಲಯದ ವರದಿ 17ರಂದೇ ನೀರು ಸರಬರಾಜಿನ ಮುಖ್ಯಸ್ಥನ ಕೈಗೆ ಬಂತು. ಅವನು ಹೇಳಲಿಲ್ಲ. ಮಕ್ಕಳಿಗೆ ರಕ್ತಭೇದಿ ಶುರುವಾಗಿ ಆರೋಗ್ಯ ಇಲಾಖೆಯವರು ಫೋನು ಮಾಡಿ ಕೇಳಿದಾಗಲೂ ‘ನೀರು ಸರಿಯಾಗಿದೆ’ ಎಂದ. ಕೊನೆಗೆ ಆರೋಗ್ಯಾಧಿಕಾರಿ 21ರ ಭಾನುವಾರ ತಾವೇ ನಿರ್ಧಾರ ಮಾಡಿ, ನೀರು ಕುದಿಸದೆ ಕುಡಿಯಬೇಡಿ ಎಂದು ಸಾರಿಸಿದರು. ಅಷ್ಟರಲ್ಲಿ ತಡವಾಗಿತ್ತು. ಸುಮಾರು 2,300 ಮಂದಿ ಕಾಯಿಲೆ ಬಿದ್ದರು, 7 ಮಂದಿ ಸತ್ತರು. ಅಷ್ಟು ಶ್ರೀಮಂತ ದೇಶ. ಪ್ರಯೋಗಾಲಯವಿತ್ತು, ಆಸ್ಪತ್ರೆಯಿತ್ತು, ಹೆಲಿಕಾಪ್ಟರೂ ಇತ್ತು. ಒಂದು ಮಾತು ಮಾತ್ರ ನಾಲ್ಕು ದಿನ ತಡವಾಯಿತು. ಆಮೇಲೆ ಅಲ್ಲಿ ನೀರಿನ ಕಾಯಿದೆಯನ್ನೇ ಬಿಗಿ ಮಾಡಿದರು. ಊರಿನ ನೀರಿನ ವಾರ್ಷಿಕ ವರದಿಯನ್ನು ಕೇಳಿದವರಿಗೆ ಉಚಿತವಾಗಿ ಕೊಡಬೇಕಾಯಿತು.

ನಮ್ಮಲ್ಲಿಯೂ 2022ರಲ್ಲಿ ರಾಯಚೂರು ನಗರದಲ್ಲಿ, 2023ರಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಪ್ರಾಣ ಕಳೆದುಕೊಂಡರು. ಗರ್ಭಿಣಿಯರಿರುವ ಮನೆಯವರು ಒಂದು ವಿಷಯ ನೆನಪಿಡಬೇಕು. ಕಾಮಾಲೆ ತರುವ ವೈರಸ್‌ಗಳಲ್ಲಿ ಹೆಪಟೈಟಿಸ್ ಇ ಎಂಬುದು ನೀರಿನಿಂದಲೇ ಬರುತ್ತದೆ, ಬೇರೆಯವರು ಹೇಗೋ ಸುಧಾರಿಸಿಕೊಳ್ಳುತ್ತಾರೆ, ಆದರೆ ಕೊನೆಯ ಮೂರು ತಿಂಗಳಿನ ಗರ್ಭಿಣಿಗೆ ಅದು ಪ್ರಾಣಾಂತಿಕವಾಗಬಹುದು. ಊರಿನಲ್ಲಿ ಇಬ್ಬರು ಮೂವರಿಗೆ ಕಾಮಾಲೆ ಕಂಡರೆ ಅದು ಆ ಮನೆಗಳ ಗುಟ್ಟಾಗಿ ಉಳಿಯಬಾರದು. ಎಲೆಮದ್ದಿಗೆ ಓಡುವ ಮುನ್ನ ಆಶಾ ಕಾರ್ಯಕರ್ತೆಗೆ ತಿಳಿಸಿ.

ಹೇಳುವುದರಿಂದಲೇ ಗೆದ್ದ ಕಾಯಿಲೆಯೊಂದೂ ನಮ್ಮ ನೆನಪಿನಲ್ಲಿದೆ. ಮನೆಯ ಹಿರಿಯರನ್ನು ನಾರುಹುಣ್ಣಿನ ಬಗ್ಗೆ ಕೇಳಿ ನೋಡಿ. ಕಾಲಿನ ಬೊಬ್ಬೆಯೊಡೆದು ಮೊಳದುದ್ದದ ಹುಳು ಹೊರಬರುತ್ತಿದ್ದ ಆ ಕಾಯಿಲೆ ಕರ್ನಾಟಕವೂ ಸೇರಿ ಏಳು ರಾಜ್ಯಗಳಲ್ಲಿತ್ತು. ಅದಕ್ಕೆ ಲಸಿಕೆಯಿರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ. ಯಾವ ಮೆಟ್ಟಿಲುಬಾವಿಯಲ್ಲಿ ಹುಳುವಿನ ಮರಿ ಇದೆ ಎಂದು ಊರೂರಿಗೆ ಹೋಗಿ ಹೇಳಿದರು, ನೀರನ್ನು ಬಟ್ಟೆಯಲ್ಲಿ ಸೋಸಲು ಕಲಿಸಿದರು, ಹುಣ್ಣಿದ್ದವರನ್ನು ಬಾವಿಗೆ ಇಳಿಯದಂತೆ ತಡೆದರು, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳನ್ನಾಗಿ ಮಾಡಿದರು. 1996ರ ಜುಲೈನಲ್ಲಿ ದೇಶದ ಕೊನೆಯ ರೋಗಿ ದಾಖಲಾದರು. 2000ದ ಫೆಬ್ರುವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತಕ್ಕೆ ಮುಕ್ತಿಪತ್ರ ಕೊಟ್ಟಿತು. ಇಂದಿನ ಯುವ ವೈದ್ಯರು ಅದನ್ನು ಪುಸ್ತಕದ ಚಿತ್ರದಲ್ಲಿ ಮಾತ್ರ ನೋಡಿದ್ದಾರೆ.

ಮಳೆಗಾಲಕ್ಕೆ ಮುಂಚಿನ ಸಭೆಯಲ್ಲಿ

ಹಾಗಾದರೆ ಹೊಳೆಯಂಚಿನ ಊರುಗಳಲ್ಲಿ ಅಧ್ಯಕ್ಷರಿರಲಿ, ಆಡಳಿತಾಧಿಕಾರಿಯಿರಲಿ, ಪಿಡಿಓ ಇರಲಿ, ಮೇ ತಿಂಗಳ ಕೊನೆಯೊಳಗೆ ಜನರಿಗೆ ಹೇಳಬೇಕಾದದ್ದೇನು? ನೀರಿನ ವಿಷಯ ಆಗಲೇ ಹೇಳಿದ್ದೇನೆ. ಎರಡನೆಯದು ದಾರಿ. ಸೇತುವೆ ಮುಳುಗಿದರೆ ಸುತ್ತಿ ಹೋಗುವ ರಸ್ತೆ ಯಾವುದು, 2008ರಿಂದ ಓಡುತ್ತಿರುವ 108 ಆಂಬ್ಯುಲೆನ್ಸ್ ಯಾವ ಜಾಗದ ತನಕ ಬರಬಲ್ಲದು, ಅಲ್ಲಿಯ ತನಕ ರೋಗಿಯನ್ನು ತರುವ ಟ್ರ್ಯಾಕ್ಟರ್ ಅಥವಾ ದೋಣಿ ಯಾರದು, ರಾತ್ರಿ ಎರಡಕ್ಕೆ ಕರೆದರೂ ಬರುವವರು ಯಾರು. ಇದನ್ನು ಪಂಚಾಯ್ತಿಯ ಗೋಡೆ, ಶಾಲೆ, ಕಿರಾಣಿ ಅಂಗಡಿ ಮೂರೂ ಕಡೆ ಬರೆಸಬೇಕು. ಮೊಬೈಲಿನ ಗುಂಪಿಗೆ ಹಾಕಿದರೆ ಕೆಲಸ ಮುಗಿಯಿತು ಎಂದುಕೊಳ್ಳುವುದು ಈಚಿನ ಖಯಾಲಿ. ಮಳೆಗೆ ಕರೆಂಟು ಹೋಗಿ ಟವರು ಸತ್ತಾಗ ಡಂಗುರವೇ ಗತಿ, ಮತ್ತು ಅಜ್ಜಿಯ ಕೈಯಲ್ಲಿ ಮೊಬೈಲು ಇರುವುದಿಲ್ಲ.

ಮೂರನೆಯದು ಹಾವಿನ ಕಡಿತ. 2024ರ ಫೆಬ್ರುವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ತೊಗರಿ ಹೊಲದಲ್ಲಿ ದುಡಿಯುವ ನಮ್ಮ ಜನಕ್ಕೆ ಬೇಕಾದದ್ದು ಇನ್ನೂ ಸರಳ: ಪ್ರತಿವಿಷದ ಇಂಜೆಕ್ಷನ್ ಇಂದು ಯಾವ ಆಸ್ಪತ್ರೆಯಲ್ಲಿದೆ? ಹತ್ತಿರದಲ್ಲಿ ಇಲ್ಲವೆಂಬುದು ಮೊದಲೇ ಗೊತ್ತಿದ್ದರೆ ಅಲ್ಲಿಗೆ ಹೋಗಿ ಕಳೆಯುವ ಒಂದು ತಾಸು ಉಳಿಯುತ್ತದೆ. ದಿನ ತುಂಬಿದ ಗರ್ಭಿಣಿಯರ ವಿಷಯ ಮೇಲೆ ಬಂದಿದೆ. ಇನ್ಸುಲಿನ್, ಬಿಪಿ, ಮೂರ್ಛೆ, ಕ್ಷಯರೋಗದ ಔಷಧ ತೆಗೆದುಕೊಳ್ಳುವವರು ಜೂನ್‌ನಿಂದ ಅಕ್ಟೋಬರ್‌ವರೆಗೆ ಮನೆಯಲ್ಲಿ ಹದಿನೈದು ದಿನದ ಔಷಧ ಹೆಚ್ಚಿಗೆ ಇಟ್ಟುಕೊಳ್ಳಿ. ಫ್ರಿಜ್ ಇಲ್ಲದವರು ಇನ್ಸುಲಿನ್ ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಮಣ್ಣಿನ ಗಡಿಗೆಯ ತಂಪಿನಲ್ಲಿಡಬಹುದು.

ಇನ್ನು ಓದುಗರಿಗೇ ಒಂದು ಮಾತು, ಬೇಸರ ಬೇಡ. ‘ಟ್ಯಾಂಕಿನ ನೀರು ಪರೀಕ್ಷೆಯಲ್ಲಿ ಕೆಟ್ಟಿದೆ ಎಂದು ಬಂದಿದೆ’ ಎಂದು ಸಭೆಯಲ್ಲಿ ಒಪ್ಪಿಕೊಳ್ಳುವ ಅಧ್ಯಕ್ಷೆಯ ಮೇಲೆ ನಾವು ಮುಗಿಬೀಳುತ್ತೇವೆ. ಎಲ್ಲ ಸರಿಯಿದೆ ಎನ್ನುವವರಿಗೆ ಹಾರ ಹಾಕಿ ಕಳಿಸುತ್ತೇವೆ. ಮುಂದಿನ ಸಲ ಆಕೆ ಏಕೆ ಹೇಳಿಯಾಳು? ಕೆಟ್ಟ ಸುದ್ದಿಯನ್ನು ಬೇಗ ತಂದವರನ್ನು ಬೈಯಬೇಡಿ. ಏನು ಮಾಡುತ್ತೀರಿ, ಯಾವ ತಾರೀಖಿಗೆ ಸರಿಹೋಗುತ್ತದೆ, ಅಲ್ಲಿಯ ತನಕ ನಾವು ಎಲ್ಲಿಂದ ನೀರು ತರೋಣ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಆ ತಾರೀಖು ದಾಟಿದ ಮೇಲೆ ಬೇಕಾದರೆ ಬೈಯಿರಿ. ಹೆಂಗಸರು ಸಭೆಗೆ ಹೋಗುವುದು ಬಹಳ ಮುಖ್ಯ. ನೀರು ತುಂಬುವವರು ಅವರು, ಮಗುವಿನ ಭೇದಿಯ ಬಟ್ಟೆ ಒಗೆಯುವವರೂ ಅವರೇ, ಆದರೆ ಕಟ್ಟೆಯ ಮೇಲೆ ಕೂತು ನೀರಿನ ಬಗ್ಗೆ ಮಾತಾಡುವವರು ಗಂಡಸರು.

ದಾರಿ ಮುಚ್ಚಿದ ರಾತ್ರಿ ವಾಂತಿಭೇದಿ ಶುರುವಾದರೆ ದೋಣಿಗೋ ಬೆಳಗಿಗೋ ಕಾಯುತ್ತ ಸುಮ್ಮನೆ ಕೂರಬೇಡಿ. ಓಆರ್‌ಎಸ್ ಪೊಟ್ಟಣ ಆಶಾ ಕಾರ್ಯಕರ್ತೆ, ಅಂಗನವಾಡಿಗಳಲ್ಲಿ ಇರಬೇಕು. ಇದೆಯೋ ಇಲ್ಲವೋ ಎಂಬುದನ್ನೂ ಸಭೆಯಲ್ಲಿಯೇ ಕೇಳಿಟ್ಟುಕೊಳ್ಳಿ. ದೊಡ್ಡ ಪೊಟ್ಟಣವನ್ನು ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಪೂರ್ತಿ ಹಾಕಬೇಕು, ಅರ್ಧರ್ಧ ಮಾಡಬಾರದು. ಅದಿಲ್ಲದಿದ್ದರೆ ಅದೇ ಒಂದು ಲೀಟರಿಗೆ ಸಮತಟ್ಟಾಗಿ ತುಂಬಿದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಉಪ್ಪು ಹೆಚ್ಚಾದರೆ ಅಪಾಯ, ಕಣ್ಣೀರಿಗಿಂತ ಉಪ್ಪಾಗಿರಬಾರದು. ಮಗುವಿಗೆ ಚಮಚದಲ್ಲಿ ಸ್ವಲ್ಪ ಸ್ವಲ್ಪವಾಗಿ ಕುಡಿಸಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬೇಡಿ, ಗಂಜಿ, ಮೆತ್ತನೆಯ ಅನ್ನ ಕೊಡಿ. ಕಲಸಿದ ನೀರು 24 ಗಂಟೆ ಕಳೆದರೆ ಚೆಲ್ಲಿ ಹೊಸದು ಮಾಡಿ. ಭೇದಿ ನಿಲ್ಲಿಸುವ ಮಾತ್ರೆಯನ್ನು ಮಕ್ಕಳಿಗೆ ಯಾವ ಕಾರಣಕ್ಕೂ ಕೊಡಬೇಡಿ. ಮಗುವಿನ ಕಣ್ಣು ಒಳಗೆ ಹೋಗಿದ್ದರೆ, ಆರು ತಾಸಿನಿಂದ ಮೂತ್ರ ಬಂದಿರದಿದ್ದರೆ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟಾಗ ನಿಧಾನವಾಗಿ ಇಳಿದರೆ, ಮಲದಲ್ಲಿ ರಕ್ತ ಕಂಡರೆ ಅಥವಾ ಮಗು ಕುಡಿಯಲಾರದಷ್ಟು ಮಂಕಾದರೆ ಬೆಳಗಾಗುವುದನ್ನು ಕಾಯದೆ ಗೋಡೆಯ ಮೇಲೆ ಬರೆಸಿದ ಆ ನಂಬರಿಗೆ ಫೋನು ಮಾಡಿ.